ಕೂಸಿನ ಗೋಡೆ

"ಗುರುಗಳೇ, ಮಕ್ಕಳಿಗೆ ಬುದ್ಧಿ ಬಂದ ಮೇಲೆ ಬಣ್ಣ ಕೊಟ್ಟರೆ ಆಗದೇ?" ಎಂದು ಶಿಷ್ಯ ಕೇಳಿದ.

ಮಠದ ಶಿಶುವಿಹಾರವನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಅಂದು ಬೆಳಿಗ್ಗೆ ಅಂಬೆಗಾಲಿನ ಕೂಸುಗಳಿಗೂ ಎರಡು ಮೂರು ವರ್ಷದ ಮಕ್ಕಳಿಗೂ ಗುರುಗಳೇ ಬಣ್ಣದ ಬಟ್ಟಲು ಕೊಡಿಸಿದ್ದರು. ಅವು ಕಾಗದವನ್ನು ಬಿಟ್ಟು ನೆಲ, ಗೋಡೆ, ಹೊಟ್ಟೆ ಎಲ್ಲಕ್ಕೂ ಬಳಿದಿದ್ದವು. ಶಿಷ್ಯನ ಧೋತರದ ಮೇಲೆ ಐದಾರು ಹಳದಿ ಅಂಗೈಗಳು ಮೂಡಿದ್ದವು.

"ಈಗ ಎತ್ತಿಡುತ್ತೇನೆ. ಐದು ತುಂಬಲಿ, ಕುಂಚ ಹಿಡಿಯುವುದನ್ನು ಕಲಿಯಲಿ. ಆಮೇಲೆ ಬೇಕಾದಷ್ಟು ಕೊಡೋಣ" ಎಂದ.

ಗುರುಗಳು ಧೋತರವನ್ನೊಮ್ಮೆ ನೋಡಿದರು. "ಒಗೆಯುವುದು ಕಷ್ಟವೇ. ಕುಳಿತುಕೋ" ಎಂದು ಹೇಳಿ ಈ ಕತೆಗೆ ತೊಡಗಿದರು.

ಒಬ್ಬ ಚಿತ್ರಗಾರನಿದ್ದ. ಮರದ ದೇವರಿಗೆ ಬಣ್ಣ ಹಚ್ಚುವುದು ಅವನ ಮನೆತನದ ಕಸುಬು. ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಹಿತ್ತಲಿನ ಒಂದು ಗೋಡೆಯನ್ನು ಕೂಸುಗಳಿಗೆ ಬಿಟ್ಟುಕೊಡುತ್ತಿದ್ದರು. ಅರಿಸಿನ, ಕೆಮ್ಮಣ್ಣು, ಇದ್ದಿಲನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ಅದರ ಮುಂದೆ ಇಡುತ್ತಿದ್ದರು. ಬಾಯಿಗೆ ಹೋದರೂ ಹೊಟ್ಟೆಗೆ ಕೇಡಿಲ್ಲ. ಕೂಸು ಮೊದಲು ತಿನ್ನುತ್ತಿತ್ತು, ಆಮೇಲೆ ಮೈಗೆ ಬಳಿದುಕೊಳ್ಳುತ್ತಿತ್ತು, ಎಲ್ಲ ಮುಗಿದ ಮೇಲೆ ಗೋಡೆಗೆ ಬರುತ್ತಿತ್ತು. ಏನು ಬರೆದೆ ಎಂದು ಯಾರೂ ಕೇಳಬಾರದು. ಯುಗಾದಿಗೆ ಸುಣ್ಣ ಬಳಿದರೆ ಗೋಡೆ ಮತ್ತೆ ಹೊಸದು.

ಈ ಚಿತ್ರಗಾರನಿಗೆ ಕಸುಬು ಒಲಿದಿತ್ತು, ಹೆಸರು ಬಂದಿತ್ತು. ಹೆಸರಿನ ಜೊತೆಗೆ ಅಚ್ಚುಕಟ್ಟಿನ ಹುಚ್ಚೂ ಹತ್ತಿತ್ತು. ಅವನಿಗೆ ಒಬ್ಬಳೇ ಮಗಳು, ಬಾಳವ್ವ. ತನ್ನ ನಂತರ ಅವಳೇ ಕುಂಚ ಹಿಡಿಯಬೇಕೆಂಬ ಆಸೆಯೊಂದೇ ಅವನ ಜೀವ ಹಿಡಿದಿತ್ತು. ಒಂಬತ್ತು ತಿಂಗಳ ಕೂಸು ಒಂದು ದಿನ ಅರಿಸಿನದ ಬಟ್ಟಲಿಗೆ ಎರಡೂ ಕೈ ಅದ್ದಿ, ನೆಲಕ್ಕೆ ಬಡಿದು, ಕೇಕೆ ಹಾಕಿ ನಕ್ಕಿತು. ಅವನು ಎತ್ತಿಕೊಂಡು ಹೋಗಿ ತಣ್ಣೀರಿನಲ್ಲಿ ಅದರ ಕೈ ತೊಳೆದ. ಹಿತ್ತಲಿನ ಆ ಗೋಡೆ ಕಾಣದಂತೆ ಸೌದೆ ಒಟ್ಟಿಸಿದ.

ಅವನ ತಾಯಿಗೆ ಸಂಕಟವಾಯಿತು. "ಆಡ್ಲಿ ಬಿಡೋ. ನೀನೂ ಇದ ಗ್ವಾಡಿ ಮುಂದ ಹೊರಳ್ಯಾಡಿ ಬೆಳದಾಂವ. ಅರಿಸಿಣ ತಿಂದು ಮೂರು ದಿನ ಹಳದಿ ನಾಲಿಗಿ ಇಟ್ಕೊಂಡು ತಿರಗೀದಿ" ಎಂದಳು.

"ನನಗ ಹೇಳಾವ್ರು ಯಾರೂ ಇರಲಿಲ್ಲವ್ವಾ, ಅದಕ್ಕ ಕೈ ಪಳಗಾಕ ತಡ ಆತು. ಇಕಿ ಹೊಲಸು ಮಾಡೂದು ಬ್ಯಾಡ. ಬುದ್ಧಿ ಬರ್ಲಿ, ಆಮ್ಯಾಲ ನಾನ ಕೊಡ್ತೀನಿ" ಎಂದ ಅವನು.

ಮಗು ಬಟ್ಟಲು ಮುಟ್ಟಿದಾಗಲೆಲ್ಲ ಅವನು ಕೈ ತೊಳೆದ. ಹೊಡೆಯಲಿಲ್ಲ, ಗದರಲಿಲ್ಲ, ತೊಳೆದ ಅಷ್ಟೆ. ಎರಡು ವರ್ಷವಾಗುವಷ್ಟರಲ್ಲಿ ಅದು ಬಣ್ಣ ಕಂಡರೆ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಲು ಕಲಿಯಿತು. ಮನೆಗೆ ಬಂದವರಿಗೆಲ್ಲ ಅವನು ಅದನ್ನು ತೋರಿಸಿ ಹಿಗ್ಗಿದ. ಕತೆ ಹೇಳುವಾಗ ಇಲ್ಲಿಗೆ ಬಂದರೆ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ಮುಂದಕ್ಕೆ ಹೋದಂತೆ ಆ ಸಿಟ್ಟೂ ಉಳಿಯುವುದಿಲ್ಲ.

ಐದು ತುಂಬಿದ ದಿನ ಅವನು ಮಗಳಿಗೆ ಕುಂಚ ಕೊಟ್ಟ. ಅವಳ ಕೈಯ ಮೇಲೆ ತನ್ನ ಕೈ ಇಟ್ಟು ಗೆರೆ ಎಳೆಸಿದ. ಕೂದಲೆಳೆಯಷ್ಟೂ ಅತ್ತಿತ್ತ ಸರಿಯದ ಗೆರೆ. ಅವಳಿಗೆ ಇಪ್ಪತ್ತಾದಾಗ, ಅಪ್ಪ ಬರೆದದ್ದು ಯಾವುದು, ಅದನ್ನು ನೋಡಿ ಮಗಳು ಬರೆದದ್ದು ಯಾವುದು ಎಂದು ಊರಿಗೆ ಗೊತ್ತಾಗುತ್ತಿರಲಿಲ್ಲ. ಅಪ್ಪನ ಕೆಲಸ ಕಣ್ಣೆದುರಿಗೆ ಇಲ್ಲದೆ ಅವಳು ಒಂದು ಗೆರೆಯನ್ನೂ ಎಳೆದವಳಲ್ಲ ಎಂಬುದು ಅವನಿಗೂ ಗೊತ್ತಾಗಲಿಲ್ಲ.

ಎರಡು ವರ್ಷ ಕಳೆದು ಅವನ ಕೈ ನಡುಗತೊಡಗಿತು. ಆಗಲೇ ಪಕ್ಕದ ಊರಿನವರು ಬಣ್ಣ ಹಚ್ಚಿಸಲು ಹೊಸ ಮರದ ದೇವಿಯನ್ನು ಅವನ ಮನೆಗೆ ತಂದು ಇಳಿಸಿದರು. ಜೀರ್ಣವಾದ ಹಳೆಯ ದೇವಿಯನ್ನು ಹೊಳೆಗೆ ಬಿಟ್ಟಾಗಿತ್ತು. ಹೊಸ ದೇವಿಯ ಮುಖವನ್ನು ಯಾವುದನ್ನೂ ನೋಡಿಕೊಂಡು ಬರೆಯುವಂತಿಲ್ಲ. ಬರೆಯುವವರ ಕೈಯಿಂದ ಹೇಗೆ ಬರುತ್ತದೋ ಅದೇ ಆ ಊರಿನ ದೇವಿಯ ಮುಖ. ಆ ಕಸುಬಿನ ಕಟ್ಟಳೆ ಅದು.

ಬಾಳವ್ವ ದೇವಿಯ ಬಿಳಿ ಮುಖದ ಮುಂದೆ ಮೂರು ದಿನ ಕುಳಿತಳು. ಕುಂಚ ಒಣಗಿತು, ಮತ್ತೆ ಅದ್ದಿದಳು, ಮತ್ತೆ ಒಣಗಿತು. ನಾಲ್ಕನೆಯ ದಿನ ತಂದೆ ತಡೆಯಲಾರದೆ ಅವಳ ಕೈಯ ಮೇಲೆ ಕೈ ಇಟ್ಟ. ಅವನ ಕೈ ನಡುಗಿತು. ಅವಳ ಕೈ ಅದರ ಜೊತೆಗೇ ಹೋಯಿತು. ದೇವಿಯ ಹುಬ್ಬು ಸೊಟ್ಟಗೆ ಬಂತು. ಅವಳು ಅದನ್ನು ತಿದ್ದಲಿಲ್ಲ. ಇನ್ನೊಂದು ಹುಬ್ಬನ್ನು ತಾನೇ, ಅಷ್ಟೇ ಸೊಟ್ಟಗೆ, ಅಳತೆ ತಪ್ಪದೆ ಬರೆದಳು.

ಆಗ ಅವನಿಗೆ ಎಲ್ಲವೂ ಅರ್ಥವಾಗಿ ಎದೆ ಒಡೆಯಿತು. ಮನೆಯಲ್ಲಿದ್ದ ಬಣ್ಣವನ್ನೆಲ್ಲ ತಂದು ಅವಳ ಮುಂದೆ ನೆಲಕ್ಕೆ ಸುರಿದ. "ಕೈ ಹಾಕು ಮಗಳ. ಕಲಸು, ಬಡಿ, ಮೈತುಂಬ ಬಳಕೊ. ನಾ ತೊಳಿಯೂದಿಲ್ಲ, ಏನೂ ಅನ್ನೂದಿಲ್ಲ" ಎಂದು ಅಂಗಲಾಚಿದ.

ಬಾಳವ್ವ ಒಂದು ಬೆರಳಿನ ತುದಿಯನ್ನು ಅರಿಸಿನಕ್ಕೆ ಮುಟ್ಟಿಸಿದಳು. "ಇಷ್ಟು ಸಾಕೇನಪ್ಪಾ?" ಎಂದು ಕೇಳಿದಳು. ಅವನು ಅಳುತ್ತಿದ್ದ. ಅವಳು ಎದ್ದು ಹೋಗಿ ಬೆರಳು ತೊಳೆದುಕೊಂಡಳು, ಬಟ್ಟೆ ತಂದು ನೆಲ ಒರೆಸಿದಳು.

ಊರಿನವರು ದೇವಿಯನ್ನು ಬೇರೆ ಚಿತ್ರಗಾರರ ಮನೆಗೆ ಒಯ್ದರು. ಚಿತ್ರಗಾರ ಇನ್ನೂ ಒಂಬತ್ತು ವರ್ಷ ಬದುಕಿದ. ದಿನಾ ಬೆಳಿಗ್ಗೆ ನಡುಗುವ ಕೈಯಿಂದ ಬಣ್ಣ ಕಲಸಿ ಮಗಳ ಮುಂದೆ ಇಡುತ್ತಿದ್ದ. ಅವಳು ಅದರ ಎದುರು ಕೈ ಕಟ್ಟಿ ಕುಳಿತಿದ್ದು, ಸಂಜೆ ಬಟ್ಟಲುಗಳನ್ನು ಜೋಪಾನವಾಗಿ ಎತ್ತಿಡುತ್ತಿದ್ದಳು. ಒಂದು ಹನಿಯೂ ಚೆಲ್ಲಿರುತ್ತಿರಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಆ ತಂದೆ ಆಡಿದ ಮಾತಿಗೆ ತಪ್ಪದೆ ಕೊನೆಗೆ ಬಣ್ಣ ಕೊಟ್ಟನಲ್ಲವೇ, ಗುರುಗಳೇ?" ಎಂದ.

"ಕೊಟ್ಟ. ಆದರೆ ತೆಗೆದುಕೊಳ್ಳಬೇಕಾಗಿದ್ದ ಕೂಸು ಅಷ್ಟು ಹೊತ್ತಿಗೆ ಆ ಮನೆಯಲ್ಲಿ ಇರಲಿಲ್ಲ" ಎಂದರು ಗುರುಗಳು.