ಹಾಲಮ್ಮನ ಮಗ ಬೊಂಬೆಲೋಕಕ್ಕೆ ಹೋದದ್ದು

ಹಿಟ್ಟಿನ ಗಿರಣಿ ಹಾಲಮ್ಮನಿಗೆ ಒಬ್ಬನೇ ಮಗ. ಒಬ್ಬನೇ ಆದದ್ದೇ ಒಳ್ಳೆಯದಾಯಿತು ಅನ್ನಿ. ಅಂಥವರು ಇಬ್ಬರಿದ್ದಿದ್ದರೆ ಆ ತಾಯಿ ತನ್ನ ಗಿರಣಿಯ ಕಲ್ಲಿಗೇ ತಲೆ ಚಚ್ಚಿಕೊಳ್ಳುತ್ತಿದ್ದಳು.

ಹೆಸರು ಗುರುಶಾಂತ. ಹುಡುಗ ಹೆಸರಿನಷ್ಟೇ ಶಾಂತ. ಸಿಟ್ಟಿಲ್ಲ, ಸುಳ್ಳಿಲ್ಲ, ಕಳ್ಳತನವಿಲ್ಲ, ಬುದ್ಧಿಯೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾನೆ. ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಡಿಮೆಯಿಲ್ಲ. "ಹಾಲು ಉಕ್ಕೋದನ್ನ ನೋಡ್ಕೋ" ಅಂತ ಒಲೆಯ ಮುಂದೆ ಕೂರಿಸಿ ಬಂದರೆ, ಉಕ್ಕುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಾನೆ.

"ಏನಾಯ್ತೋ ಹಾಲು?"

"ಉಕ್ತು ಕಣವ್ವ! ಚೆನ್ನಾಗಿ ಉಕ್ತು!"

ಇಂಥವನು ಬಿ.ಎಸ್ಸಿ., ಬಿ.ಎಡ್. ಹೇಗೆ ಮಾಡಿದ ಅಂತ ನೀವು ಕೇಳಬಹುದು. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ, ಅಚ್ಚಿನ ತಪ್ಪನ್ನೂ ಬಿಡದೆ, ಬರೆದು ಬಂದ. ಪರೀಕ್ಷೆಗೆ ಬೇಕಾದದ್ದು ಅಷ್ಟೇ ತಾನೇ?

ಹಾಲಮ್ಮ ಹಾಗಲ್ಲ. ಗಂಡ ಸತ್ತ ಮೇಲೆ ಒಂಟಿಯಾಗಿ ಗಿರಣಿ ನಡೆಸಿದವಳು. ಮೂಟೆಗಳ ಮೇಲಿನ ಅಕ್ಷರ ನೋಡಿ ನೋಡಿ ತಾನೇ ಓದು ಕಲಿತವಳು. ಯಾರನ್ನೂ ನಂಬುವವಳಲ್ಲ. ತಕ್ಕಡಿಯನ್ನು ಎರಡು ಸಲ ನೋಡುತ್ತಾಳೆ, ತೂಗಿದವನನ್ನು ಮೂರು ಸಲ ನೋಡುತ್ತಾಳೆ. ಗಿರಣಿಯಲ್ಲಿ ಅವಳದು ಒಂದೇ ಕಟ್ಟುನಿಟ್ಟು: ಯಾರ ಡಬ್ಬದ ಹಿಟ್ಟು ಅವರ ಡಬ್ಬಕ್ಕೇ. ಒಬ್ಬರ ರಾಗಿ ಇನ್ನೊಬ್ಬರಿಗೆ ಹಿಡಿಯಷ್ಟೂ ಹೋಗಬಾರದು. ಆ ಒಂದು ಮಾತಿನಲ್ಲಿ ಮಾತ್ರ ಗುರುಶಾಂತ ಹುಟ್ಟಿದಾಗಿನಿಂದ ಎಡವಟ್ಟು ಮಾಡಿರಲಿಲ್ಲ.

ಒಂದು ದಿನ ಊರಿನ ಶಾಲೆಯ ಹೆಡ್ಮಾಸ್ತರು ಚಂದ್ರಮೌಳಿ ಗೋಧಿ ಬೀಸಿಸಲು ಬಂದವರು ಸುದ್ದಿ ಹೇಳಿದರು. "ಹಾಲಮ್ಮನವರೇ, ನಮ್ಮಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸ ಖಾಲಿ ಇದೆ. ನಿಮ್ಮ ಮಗನಿಗೇ ಕೊಡ್ತೀವಿ. ಆದರೆ ಮೊದಲು ಕಂಪ್ಯೂಟರಿನಲ್ಲಿ ಒಂದು ಕೋರ್ಸು ಮಾಡಬೇಕು. ಅದರೊಳಗೆ ಒಂದು ಲೋಕ ಇದೆ. ಒಂದು ಬೊಂಬೆ ಕೊಡ್ತಾರೆ. ಅದನ್ನ ನಡೆಸೋದು, ಹಾರಿಸೋದು, ಅದರ ಕೈಲಿ ಸಾಮಾನು ಎತ್ತಿಸೋದು ಕಲಿತು, ಅಲ್ಲೇ ಒಂದು ಪಾಠ ಮಾಡಿ ತೋರಿಸಬೇಕು. ಪಾಸಾದರೆ ಕೆಲಸ."

"ಆಗದಿದ್ರೆ?"

"ನನ್ನ ಬಾಮೈದ ಒಬ್ಬ ಮನೇಲಿ ಖಾಲಿ ಕೂತಿದಾನೆ. ಅವನದು ಆ ಕೋರ್ಸು ಆಗಲೇ ಆಗಿದೆ."

ಹಾಲಮ್ಮನ ಕಣ್ಣು ಸಣ್ಣದಾಯಿತು. ಓಹೋ, ಸಮಾಚಾರ ಹೀಗಿದೆಯೋ! ನನ್ನ ಮಗನನ್ನು ಬೊಂಬೆಲೋಕಕ್ಕೆ ಅಟ್ಟಿ, ಬಾಮೈದನನ್ನು ಕುರ್ಚಿಗೆ ಏರಿಸೋ ಹುನ್ನಾರವೋ!

"ನನ್ನ ಮಗ ಮಾಡ್ತಾನೆ," ಅಂದಳು. ಮಾರನೆಯ ದಿನವೇ ಹಳೆಯ ಕಂಪ್ಯೂಟರು ಕೊಂಡು ತಂದು ಗಿರಣಿಯ ಮೂಲೆಯಲ್ಲಿಟ್ಟಳು. ಅದರ ಹಣೆಯ ಮೇಲಿನ ಕ್ಯಾಮೆರಾ ಕಣ್ಣಿಗೆ ಒಂದು ಮುದ್ದೆ ಗೋಧಿಹಿಟ್ಟು ಮೆತ್ತಿದಳು. ಯಾರು ನೋಡ್ತಾರೋ, ಏನು ನೋಡ್ತಾರೋ!

ಪಾಠ ಶುರುವಾಯಿತು. ಪರದೆಯ ಮೇಲೆ ಹಸಿರು ಬಯಲು, ನಡುವೆ ಶಾಲೆ. ಗುರುಶಾಂತನ ಬೊಂಬೆ ಕೋಟು ಹಾಕಿಕೊಂಡು ನಗುತ್ತಾ ನಿಂತಿತ್ತು. ಬಿಳಿ ಸೀರೆಯ ಇನ್ನೊಂದು ಬೊಂಬೆ ಬಂದು, "ನಾನು ವನಜಾಕ್ಷಿ, ನಿಮ್ಮ ಟೀಚರ್," ಅಂದಿತು.

ಬೆನ್ನ ಹಿಂದೆ ಹಿಟ್ಟಿನ ಕುಂಚ ಹಿಡಿದು ನಿಂತಿದ್ದ ಹಾಲಮ್ಮ ಬಗ್ಗಿ ನೋಡಿದಳು. "ಲೋ, ಆ ಹೆಂಗಸಿಗೆ ನೆರಳೇ ಇಲ್ಲ ಕಣೋ! ಕಾಲು ನೋಡು, ಮುಂದಕ್ಕಿದೆಯೋ ಹಿಂದಕ್ಕಿದೆಯೋ?"

"ಮುಂದಕ್ಕಿದೆ ಕಣವ್ವ."

"ಆದರೂ ಬಿಳಿ ಸೀರೆ. ಹುಷಾರು!"

ವನಜಾಕ್ಷಿ ಮೇಡಂ ಹೇಳಿದರು: "ಗುರುಶಾಂತ ಅವರೇ, ಮೇಲ್ಬಾಣದ ಗುಂಡಿ ಒತ್ತಿ ಹಿಡೀರಿ. ಬೊಂಬೆ ನಡೆಯುತ್ತೆ. ನಾನು ಹೇಳೋವರೆಗೂ ಬಿಡಬೇಡಿ."

ಒತ್ತಿದ. ಬೊಂಬೆ ನಡೆಯಿತು. ಅಷ್ಟರಲ್ಲಿ ಮೇಡಂ ಮನೆಯಲ್ಲಿ ಕರೆಂಟು ಹೋಯಿತು. ಮೇಡಂ ಮಾಯ!

ಗುರುಶಾಂತ ಗುಂಡಿ ಬಿಡಲಿಲ್ಲ. ಬೊಂಬೆ ಬಯಲು ದಾಟಿತು, ಗುಡ್ಡ ದಾಟಿತು, ಸಮುದ್ರಕ್ಕೆ ಇಳಿಯಿತು, ಮೀನುಗಳ ನಡುವೆ ನಗುತ್ತಾ ನಡೆಯಿತು. ಮಧ್ಯಾಹ್ನವಾಯಿತು. ಹಾಲಮ್ಮನೇ ಮುದ್ದೆ ಮುರಿದು ಮಗನ ಬಾಯಿಗಿಟ್ಟಳು. ಸಂಜೆಗೆ ಮೇಡಂ ಮರಳಿ ಬಂದು ಹುಡುಕಿದರೆ, ಬೊಂಬೆ ಆ ಲೋಕದ ಕಟ್ಟಕಡೆಯ ಗೋಡೆಗೆ ಮೂಗು ಒತ್ತಿಕೊಂಡು ಇನ್ನೂ ಕಾಲು ಹಾಕುತ್ತಲೇ ಇತ್ತು.

"ಯಾಕ್ರೀ ಇಲ್ಲಿಗೆ ಬಂದ್ರಿ?"

"ನೀವು ಸಾಕು ಅನ್ನಲಿಲ್ಲ ಮೇಡಂ!"

ಹಾಲಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ದಡ್ಡ ಮುಂಡೇದೇ! ಸಿಕ್ಕಸಿಕ್ಕ ಕಡೆ ನುಗ್ತಾರೇನೋ? ಹೊಸ ಜಾಗ ಕಣೋ, ಯಾರದೋ ಏನೋ! ಬಾಗಿಲಲ್ಲಿ ನಿಂತು ನೋಡಿ, ಬಲಗಾಲಿಟ್ಟು ಒಳಗೆ ಹೋಗಬೇಕು!"

"ಹಾಗೇ ಆಗಲಿ ಕಣವ್ವ."

ಮಾರನೆಯ ದಿನ ಪ್ರಯೋಗಶಾಲೆಯಲ್ಲಿ ಪಾಠ. ಗುರುಶಾಂತ ಬೊಂಬೆಯನ್ನು ಬಾಗಿಲಿಗೆ ತಂದ. ಗುಂಡಿ ಒತ್ತಿದ. ಬೊಂಬೆ ಎಡಗಾಲಿಟ್ಟಿತು. ಅಪಶಕುನ! ಹಿಂದಕ್ಕೆ ಎಳೆದ. ಮತ್ತೆ ಒತ್ತಿದ. ಮತ್ತೆ ಎಡಗಾಲು! ಹಿಂದಕ್ಕೆ ಎಳೆದ. ಆ ಬೊಂಬೆ ಮಾಡಿದವರು ಎಡಗಾಲಿನಿಂದಲೇ ಹೊರಡುವ ಹಾಗೆ ಮಾಡಿದ್ದರು, ಅದಕ್ಕೇನು ಗೊತ್ತು ಶಕುನ? ಬೇರೆ ಊರುಗಳ ಮೇಷ್ಟ್ರುಗಳ ಬೊಂಬೆಗಳೆಲ್ಲ ಹಿಂದೆ ಬಂದು ನಿಂತವು. ಒಂದರ ಬೆನ್ನಿಗೆ ಒಂದು, ಒಂದರೊಳಗೆ ಇನ್ನೊಂದು ತೂರಿಕೊಂಡು, ಬಾಗಿಲ ಮುಂದೆ ಜಾತ್ರೆಯೋ ಜಾತ್ರೆ.

"ಯಾರ್ರೀ ಅದು ಮುಂದೆ? ಹೋಗ್ರೀ!"

"ಸ್ವಲ್ಪ ತಡೀರಿ ಸಾರ್, ಬಲಗಾಲು ಬರ್ತಿಲ್ಲ!"

ಒಳಗೆ ಕಾದು ಕಾದು ವನಜಾಕ್ಷಿ ಮೇಡಂ ಪಾಠ ಮುಗಿಸಿಯೇಬಿಟ್ಟರು. ಹೊರಗೆ ಬಂದು ರೇಗಿದರು. "ಗುರುಶಾಂತ ಅವರೇ, ಕಾಲಿನ ಗೊಡವೆ ಬಿಡಿ! ಮುಂದೆ ಏನಾದರೂ ಅಡ್ಡ ಬಂದರೆ ಹಾರಿಬಿಡಿ! ಇದೋ, ಈ ಗುಂಡಿ ಒತ್ತಿದರೆ ಹಾರುತ್ತೆ."

"ಹಾಗೇ ಆಗಲಿ ಮೇಡಂ."

ಅದರ ಮಾರನೆಯ ದಿನ ಗುರುತ್ವಾಕರ್ಷಣೆಯ ಪಾಠ. ಬೊಂಬೆಗಳೆಲ್ಲ ಬಯಲಲ್ಲಿ ಸಾಲಾಗಿ ನಿಂತಿದ್ದವು. ಗುರುಶಾಂತನ ಎದುರಿಗೇ ಮೇಡಂ ಕಲ್ಲು ಹಿಡಿದು ನಿಂತರು. ಅಡ್ಡ ಬಂತಲ್ಲ! ಹಾರಿದ.

ಕೆಳಗೆ ಮೇಡಂ ಹೇಳುತ್ತಿದ್ದರು: "ನೋಡಿ, ಮೇಲಕ್ಕೆ ಹೋದದ್ದು ಯಾವುದೇ ಆಗಲಿ, ಕೆಳಗೆ ಬರಲೇಬೇಕು."

"ಗುರುಶಾಂತ ಬಂದಿಲ್ಲ ಮೇಡಂ!" ಅಂತ ಯಾರೋ ಕೂಗಿದರು.

ಎಲ್ಲರೂ ತಲೆಯೆತ್ತಿದರು. ಬೊಂಬೆ ಮೋಡದ ಹತ್ತಿರ ಕೈ ಚಾಚಿಕೊಂಡು ನಗುತ್ತಿತ್ತು. ಹಾರುವುದನ್ನು ಹೇಳಿಕೊಟ್ಟಿದ್ದರು, ಇಳಿಯುವುದನ್ನು ಹೇಳಿಕೊಟ್ಟಿರಲಿಲ್ಲ. ಎಲ್ಲರೂ ಬಿದ್ದುಬಿದ್ದು ನಕ್ಕರು, ಪಾಠ ಕೆಟ್ಟಿತು.

ಗಿರಣಿಯಲ್ಲಿ ಹಾಲಮ್ಮ ನಗಲಿಲ್ಲ. ಈ ಹೆಂಗಸು ಬೇಕಂತಲೇ ಅರ್ಧ ಹೇಳಿಕೊಡ್ತಾಳೆ, ಹೆಡ್ಮಾಸ್ತರಿಗೂ ಇವಳಿಗೂ ಏನೋ ಒಳಸಂಚು ಇರಬೇಕು ಅಂದುಕೊಂಡಳು.

"ಲೋ ಬೆಪ್ಪೇ! ಕಾಲು ನೆಲ ಬಿಡಬಾರದು ಕಣೋ! ಕೈಗೆ ಸಿಕ್ಕಿದ್ದನ್ನ ಗಟ್ಟಿಯಾಗಿ ಹಿಡ್ಕೋ. ಫೋನ್ ಎತ್ತಿದರೆ ಸಾಕು, ದಿನಾ ಬಡ್ಕೋತಾರಲ್ಲ, ಕಾಣದವರು ಏನು ಕೇಳಿದರೂ ಕೊಡಬೇಡಿ, ಏನು ಕೇಳಿದರೂ ಹೇಳಬೇಡಿ ಅಂತ. ಅದು ಯಾಕೆ ಅಂದ್ಕೊಂಡೆ? ಇಂಥವರಿಗಾಗಿಯೇ!"

"ಹಾಗೇ ಆಗಲಿ ಕಣವ್ವ."

ಮುಂದಿನ ಪಾಠ ನೀರು ಕಾಯಿಸುವುದು. ಮೇಡಂ ಗುರುಶಾಂತನ ಬೊಂಬೆಯ ಕೈಗೆ ಥರ್ಮಾಮೀಟರು ಕೊಟ್ಟರು. ಇದ್ದದ್ದು ಅದೊಂದೇ. ಬೊಂಬೆ ಗಟ್ಟಿಯಾಗಿ ಹಿಡಿಯಿತು.

"ಎಷ್ಟು ತೋರಿಸ್ತಿದೆ ನೋಡಿ ಹೇಳಿ."

"ಹೇಳಲ್ಲ."

"ಸರಿ, ಪಕ್ಕದವರಿಗೆ ಕೊಡಿ."

"ಕೊಡಲ್ಲ."

"ಏನ್ರೀ ಇದು! ನೀವು ಗುರುಶಾಂತ ತಾನೇ?"

"ಅದನ್ನೂ ಹೇಳಲ್ಲ."

ಹಿಂದೆ ನಿಂತಿದ್ದ ಹಾಲಮ್ಮನಿಗೆ ಒಂದು ಗಳಿಗೆ ಹೆಮ್ಮೆಯಾಯಿತು. ಭೇಷ್, ಮಗ ಕಲಿತ! ಆದರೆ ಮೇಡಂ ಬೊಂಬೆಯ ದನಿ ನಡುಗಿತು. "ಗುರುಶಾಂತ ಅವರೇ, ನಾಳೆ ಕೊನೆಯ ಪರೀಕ್ಷೆ. ಹೀಗೇ ಮಾಡಿದರೆ ನಾನು ಏನೂ ಮಾಡೋಕಾಗಲ್ಲ. ನಿಮಗೆ ಕೆಲಸ ಸಿಗಲಿ ಅಂತ ನನಗೂ ಆಸೆ ಇದೆ."

ಪರದೆ ಕಪ್ಪಾಯಿತು. ಕಳ್ಳರ ದನಿ ಹಾಲಮ್ಮನಿಗೆ ಗೊತ್ತು. ಇದು ಕಳ್ಳರ ದನಿಯಲ್ಲ. ಆ ಸಂಜೆ ಶಾಲೆಯ ಮುಂದೆ ಹಾದುಬರುವಾಗ ಕಿಟಕಿಯೊಳಗೆ ನೋಡಿದರೆ, ಹೆಡ್ಮಾಸ್ತರ ಬಾಮೈದ ವಿಜ್ಞಾನದ ಮೇಷ್ಟ್ರ ಕುರ್ಚಿಯಲ್ಲಿ ಕೂತು, ಗಟ್ಟಿ ಇದೆಯೋ ಇಲ್ಲವೋ ಅಂತ ಅಲುಗಾಡಿಸುತ್ತಿದ್ದ!

ಓಡಿ ಬಂದವಳೇ ಮಗನ ರಟ್ಟೆ ಹಿಡಿದಳು. "ಲೋ ಗುರುಶಾಂತ! ಹೆದರಬೇಡ ಕಣೋ. ಅಲ್ಲಿರೋದು ನೀನಲ್ಲ, ಬೊಂಬೆ! ಅದು ಬಿದ್ದರೆ ನಿನಗೆ ನೋವಿಲ್ಲ, ಮುಳುಗಿದರೆ ನಿನಗೆ ನೀರಿಲ್ಲ. ಅದೇ ಬೇರೆ, ನೀನೇ ಬೇರೆ. ಮೇಡಂ ಕೇಳಿದ್ದನ್ನ ಅದರ ಕೈಲಿ ಮಾಡಿಸು. ತಿಳೀತಾ?"

"ಅದೇ ಬೇರೆ, ನಾನೇ ಬೇರೆ. ತಿಳೀತು ಕಣವ್ವ."

ಪರೀಕ್ಷೆಯ ದಿನ ದೊಡ್ಡ ನೀರಿನ ತೊಟ್ಟಿ. ತೇಲುವುದು, ಮುಳುಗುವುದು ಅನ್ನುವ ಪಾಠ. ಮೇಡಂ ಅಂದರು: "ಬಾಯಲ್ಲಿ ಹೇಳಬೇಡಿ, ಮಾಡಿ ತೋರಿಸಿ. ಮುಳುಗೋದು ಹೇಗೆ?"

ಮೇಜಿನ ಮೇಲೆ ಕಲ್ಲಿತ್ತು, ಮೊಳೆಯಿತ್ತು, ಬಿರಡೆಯಿತ್ತು. ಗುರುಶಾಂತ ಅತ್ತ ನೋಡಲೇ ಇಲ್ಲ. ಬೊಂಬೆಯನ್ನೇ ತೊಟ್ಟಿಗೆ ನಡೆಸಿದ. ಬುಳುಕ್!

"ಅಯ್ಯೋ! ಸರಿ, ತೇಲೋದು ಹೇಗೆ?"

ಹಾರುವ ಗುಂಡಿಯನ್ನು ಒಂದಿಷ್ಟೇ ಒತ್ತಿದ. ಬೊಂಬೆ ಮೇಲೆ ಬಂತು, ನೀರಿನ ಮೇಲೆ ನಗುತ್ತಾ ಮಲಗಿತು.

ಬೊಂಬೆಗಳೆಲ್ಲ ಚಪ್ಪಾಳೆ ತಟ್ಟಿದವು. ತಾನೇ ನೀರಿಗಿಳಿದು ಪಾಠ ಮಾಡಿದ ಮೇಷ್ಟ್ರನ್ನು ಆ ಲೋಕ ಕಂಡೇ ಇರಲಿಲ್ಲ. ಪಾಸು! ಮೇಡಂ ಪ್ರಮಾಣಪತ್ರವನ್ನು ಬೊಂಬೆಯ ಕೈಗೆ ಕೊಟ್ಟರು. ಬೊಂಬೆ ತಗೊಂಡಿತು. ಹಾಲಮ್ಮ ಗಿರಣಿಗೆ ಬಂದವರಿಗೆಲ್ಲ ಸಕ್ಕರೆ ಹಂಚಿದಳು. ಹೆಡ್ಮಾಸ್ತರಿಗೆ ಮಾತ್ರ ಎರಡು ಚಮಚ ಹೆಚ್ಚು ಕೊಟ್ಟಳು, ಉರಿಯಲಿ ಅಂತ.

ಶಾಲೆ ಶುರುವಾಯಿತು. ಬೆಳಗ್ಗೆಯೇ ಹೆಡ್ಮಾಸ್ತರಿಂದ ಕರೆ ಬಂತು. "ಹಾಲಮ್ಮನವರೇ, ಬೇಗ ಬನ್ನಿ, ನಿಮ್ಮ ಮಗನ ಅವತಾರ ನೋಡಿ!"

ಮೈತುಂಬ ಹಿಟ್ಟಿನಲ್ಲೇ ಓಡಿದಳು. ತರಗತಿಯಲ್ಲಿ ಮೇಷ್ಟ್ರ ಕುರ್ಚಿಯ ಮೇಲೆ ಕಂಪ್ಯೂಟರು ಕೂತಿತ್ತು. ಪರದೆಯಲ್ಲಿ ಕೋಟಿನ ಬೊಂಬೆ ನಗುತ್ತಿತ್ತು. ಗುರುಶಾಂತ ಕಡೆಯ ಬೆಂಚಿನಲ್ಲಿ ಮಕ್ಕಳ ಜೊತೆ ಕೈಕಟ್ಟಿ ಕೂತಿದ್ದ. ಬಾಗಿಲ ಬಳಿ ಬಾಮೈದ ಮೀಸೆ ತಿರುವುತ್ತಾ ನಿಂತಿದ್ದ.

"ಏನೋ ಇದು? ಏಳೋ! ಪಾಠ ಮಾಡೋ!"

"ಅದು ಹೇಗವ್ವಾ? ಅದೇ ಬೇರೆ, ನಾನೇ ಬೇರೆ ಅಂತ ನೀನೇ ಹೇಳಿದೆ. ಪರೀಕ್ಷೆ ಕೊಟ್ಟಿದ್ದು ಅದು. ನೀರಿಗೆ ಬಿದ್ದಿದ್ದು ಅದು. ಪಾಸಾಗಿದ್ದು ಅದು. ಕೆಲಸಾನೂ ಅದರದೇ. ಯಾರ ಡಬ್ಬದ ಹಿಟ್ಟು ಅವರ ಡಬ್ಬಕ್ಕೇ ಅಲ್ವೇನವ್ವಾ?"

ಜನ್ಮದಲ್ಲಿ ಮೊದಲ ಸಲ ಮಗನನ್ನು ಬಯ್ಯಲು ಹಾಲಮ್ಮನಿಗೆ ಏನೂ ಸಿಗಲಿಲ್ಲ.

"ಹಾಗಾದರೆ ನನ್ನ ಬಾಮೈದ—" ಅಂತ ಹೆಡ್ಮಾಸ್ತರು ಶುರುಮಾಡಿದರು.

"ತಡೀರಿ!" ಅಂದಳು ಹಾಲಮ್ಮ. ಕುರ್ಚಿಯ ಹತ್ತಿರ ಹೋಗಿ ಬೊಂಬೆಯ ಮುಖಕ್ಕೆ ಕಿವಿಯಿಟ್ಟಳು. ತಲೆಯಾಡಿಸಿದಳು. ಮಗನ ಕಡೆ ತಿರುಗಿದಳು. "ಕೇಳಿಸ್ಕೋ. ಬೊಂಬೆ ಮೇಷ್ಟ್ರಿಗೆ ಗಂಟಲು ಕಟ್ಟಿದೆ. ತನ್ನ ಕೆಲಸ ನೀನೇ ನೋಡ್ಕೋಬೇಕಂತೆ. ಏಳು!"

ಗುರುಶಾಂತ ಚಂಗನೆ ಎದ್ದ. "ಎಲ್ಲೀವರೆಗೆ ಮಾಡಬೇಕಂತೆ ಅವ್ವಾ?"

"ತಾನು ಸಾಕು ಅನ್ನೋವರೆಗೆ ಅಂತೆ!"

ಗುರುಶಾಂತ ಸೀಮೆಸುಣ್ಣ ಹಿಡಿದ, ಪಾಠ ಶುರುಮಾಡಿದ. ಪುಸ್ತಕವೆಲ್ಲ ಬಾಯಿಗೆ ಬರುತ್ತಿತ್ತಲ್ಲ! ಬಾಮೈದ ಮೀಸೆ ಇಳಿಬಿಟ್ಟು ಮನೆಗೆ ಹೋದ. ಹಾಲಮ್ಮ ತಲೆಯೆತ್ತಿಕೊಂಡು ಗಿರಣಿಗೆ ಹೋದಳು.

ಹೊತ್ತು ಇಳಿಯಿತು. ಶಾಲೆಯ ಕಾವಲುಗಾರ ಕರಿಯಣ್ಣ ಬೀಗದ ಕೈ ಹಿಡಿದುಕೊಂಡು ಗಿರಣಿಯ ಬಾಗಿಲಿಗೆ ಬಂದ. "ಅಮ್ಮಾ, ಗಂಟೆ ಹೊಡೆದಾಯ್ತು, ಮಕ್ಕಳು ಮನೆಗೆ ಹೋದರು, ಹೆಡ್ಮಾಸ್ತರೂ ಹೋದರು. ನಿಮ್ಮ ಮಗ ಖಾಲಿ ಬೆಂಚಿಗೆ ಪಾಠ ಮಾಡ್ತಾನೇ ಇದಾರೆ. ಈ ವರ್ಷದ ಪುಸ್ತಕ ಮುಗೀತು, ಈಗ ಬರೋ ವರ್ಷದ್ದು ನಡೀತಿದೆ. ಸಾಕು ಬನ್ನಿ ಸಾರ್ ಅಂದೆ. ನೀವಲ್ಲ, ಅವರು ಹೇಳಬೇಕು ಅಂತ ಆ ಬೊಂಬೆ ಕಡೆ ಕೈ ತೋರಿಸ್ತಾರೆ."

"ಬೊಂಬೆ ಏನು ಮಾಡ್ತಿದೆ?"

"ನಗ್ತಾ ಇದೆ ಅಮ್ಮಾ."

"ನನಗೆ ಮೊದಲೇ ಅದರ ಮೇಲೆ ಅನುಮಾನ ಇತ್ತು!" ಅಂದವಳೇ ಹಾಲಮ್ಮ ಕುಂಚ ಹಿಡಿದು ಶಾಲೆಯ ಕಡೆ ಓಡಿದಳು.