ರಕ್ಕಸನಾಗಿ ಮಲಗಿದ ಅಡವಯ್ಯಜ್ಜನವರು

ಹಳ್ಳದ ದಂಡೆಯ ಮಣ್ಣಿನ ಮಠದಲ್ಲಿ ಪೂಜ್ಯ ಅಡವಯ್ಯಜ್ಜನವರು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದರು. ಆಗ ಬಯಲಾಟದ ಫಕೀರಪ್ಪ ಬಂದು ಅಂಗಳದಲ್ಲೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

ಊರಿಗೆಲ್ಲ ಕಾರಣ ಗೊತ್ತಿತ್ತು. ನಮ್ಮ ಕಡೆಯ ಬಯಲಾಟದಲ್ಲಿ ಒಂದು ಕಟ್ಟಳೆ ಉಂಟು. ರಕ್ಕಸ ಸತ್ತು ಬಿದ್ದ ಮೇಲೆ ಮುಸುಕು ಹೊದಿಸುತ್ತಾರೆ. ಮಂಗಳಾರತಿಗೆ ಮೊದಲು ಕೊಂದವನೇ ನೀರು ಚಿಮುಕಿಸಿ, ಪಾದ ಮುಟ್ಟಿ, "ಏಳು" ಎನ್ನಬೇಕು. ಆ ವರ್ಷ ರಕ್ಕಸನಾಗಿ ಬಿದ್ದವನು ಫಕೀರಪ್ಪನ ಗೆಳೆಯ ದ್ಯಾಮಣ್ಣ, ಕೊಂದವನು ಫಕೀರಪ್ಪ. ಎಬ್ಬಿಸುವಷ್ಟರಲ್ಲಿ ಗಾಳಿಮಳೆ ಬಂದು ಜನ ಚೆದುರಿತು. ದ್ಯಾಮಣ್ಣ ತಾನೇ ಮುಸುಕು ಕಿತ್ತೊಗೆದು, "ಮಳೀನ ನೀರು ಹಾಕೇತಿ, ನಿಂದೇನ್ ಕೆಲಸಲೇ ಇನ್ನ" ಎಂದು ನಗುತ್ತ ಓಡಿದ. ವಾರ ತುಂಬುವುದರೊಳಗೆ ಜ್ವರದಲ್ಲಿ ತೀರಿಹೋದ.

ದ್ಯಾಮಣ್ಣನ ತಾಯಿ ಹುಲಿಗೆವ್ವ ಫಕೀರಪ್ಪನಿಗೆ ಹಿಡಿ ಮಣ್ಣು ಹಾಕಲಿಕ್ಕೂ ಬಿಡಲಿಲ್ಲ. "ಕೊಂದಾವ ಎಬ್ಬಸಲಾರದ ಬಂದಿ. ಈಗ ಹೂಳಾಕ ಬಂದೀಯೇನು?" ಎಂದಳು. ಎಬ್ಬಿಸದೆ ಬಿಟ್ಟದ್ದಕ್ಕೇ ಸಾವು ಬಂತೆಂದು ಅಂದಿನಿಂದ ಊರವರು ಫಕೀರಪ್ಪನ ಕೈಯಿಂದ ನೀರನ್ನೂ ಮುಟ್ಟಲಿಲ್ಲ.

"ಯಪ್ಪಾ, ನಾನೂ ಅವನ ಹಿಂದ ಹೋಗಾಂವ. ಕಡೀಕ ನಿಮ್ಮ ಪಾದಾ ನೋಡಾಕ ಬಂದೀನ್ರಿ" ಎಂದ ಫಕೀರಪ್ಪ ಅಂಗಳದಿಂದಲೇ.

ಅಜ್ಜನವರು ತಲೆ ಎತ್ತಲಿಲ್ಲ. "ಆಟ ಮುಗದತೇನು?"

"ಎಲ್ಲಿ ಮುಗೀತ್ರಿ. ಮಳಿ ಬಂತಲ್ರಿ."

"ಮುಗಿಸಿ ಹೋಗು. ಸೋಮವಾರ ಹೊತ್ತೇರೂ ಮುಂದ."

ಆದರೆ ರಕ್ಕಸನ ವೇಷಕ್ಕೆ ಯಾರೂ ಮುಂದಾಗಲಿಲ್ಲ. "ಸತ್ತಾವನ ಭುಜಕೀರ್ತಿ ಕಟ್ಟಿಕೊಳ್ಳಾಕ ಯಾರಿಗೆ ಜೀವ ಬ್ಯಾಸರಾಗೇತಿ?" ಎಂದು ಕಟ್ಟೆಯ ಮೇಲಿನ ಹಿರಿಯರು ಕುಹಕವಾಡಿದರು. ಸೋಮವಾರ ಜನ ಬಂದು ನೋಡುವಷ್ಟರಲ್ಲಿ, ಕಾವಿಯ ಮೇಲೆ ಆ ಭುಜಕೀರ್ತಿ ಕಟ್ಟಿಕೊಂಡು ಅಜ್ಜನವರೇ ಆಟ ಕುಣಿಯುವ ಅಟ್ಟದ ಮೇಲೆ ನಿಂತಿದ್ದರು. ಹುಲಿಗೆವ್ವನ ಬಾಗಿಲಿಗೂ ಅವರೇ ಹೋಗಿ ಕರೆದಿದ್ದರು. ಆಕೆ ದೂರದಲ್ಲಿ ಗೋಡೆಗಾತು ನಿಂತಿದ್ದಳು.

ಫಕೀರಪ್ಪ ಕಟ್ಟಿಗೆಯ ಕತ್ತಿ ಬೀಸಿದ. ಅಜ್ಜನವರು ಕಡಿದ ಮರದಂತೆ ಬಿದ್ದರು. ಮುಸುಕು ಹಾಕಿದರು. ಮುಂದಿನದು ಅವನಿಂದ ಆಗಲಿಲ್ಲ. ಮೇಳದಲ್ಲಿ ತಾಳ ಹಿಡಿದಿದ್ದ ನಮ್ಮ ತಂದೆಯವರು ಹೇಳುತ್ತಿದ್ದರು, ಅವನು ನೀರಿನ ತಂಬಿಗೆಯನ್ನು ಮೂರು ಸಲ ಎತ್ತಿ ಮೂರು ಸಲವೂ ಇಳಿಸಿದನೆಂದು.

ಆಗ ಹುಲಿಗೆವ್ವ ಜನರನ್ನು ನೂಕಿಕೊಂಡು ಅಟ್ಟ ಹತ್ತಿದಳು. ತಂಬಿಗೆ ಕಸಿದುಕೊಂಡು ಮುಸುಕಿನ ಮೇಲೆ ನೀರೆಲ್ಲ ಸುರಿದಳು. "ಏಳೋ ದ್ಯಾಮಾ. ಏಳೋ ನನ್ನಪ್ಪಾ."

ಮುಸುಕು ಅಲುಗಿತು. ಅಜ್ಜನವರು ಎದ್ದು ಕುಳಿತರು. ಬಿಳಿ ಗಡ್ಡದಿಂದ ನೀರು ಇಳಿಯುತ್ತಿತ್ತು. ಆಕೆ ಆ ಮುಖವನ್ನೇ ನೋಡುತ್ತ ನಿಂತಳು.

"ನೀವು ನನ್ನ ಮಗಾ ಅಲ್ರಿ."

"ಅಲ್ಲವ್ವಾ" ಎಂದರು ಅಜ್ಜನವರು. "ಆಟದಾಗ ಎಬ್ಬಿಸಿದ್ರ ಆಟದಾಗಿನಾವ ಅಷ್ಟ ಏಳ್ತಾನ. ಆಟದಾಗ ಕೊಂದ್ರೂ ಆಟದಾಗಿನಾವ ಅಷ್ಟ ಸಾಯ್ತಾನ."

ಮಗನನ್ನು ಮಣ್ಣು ಮಾಡಿದಾಗಲೂ ಅಳದಿದ್ದ ಆಕೆ ಅಲ್ಲಿಯೇ ಕುಸಿದು ಅತ್ತಳು. ಅಜ್ಜನವರು ಆಕೆಯ ಅಳು ಮುಗಿಯುವವರೆಗೆ ಒದ್ದೆ ವೇಷದಲ್ಲೇ ಪಕ್ಕದಲ್ಲಿ ಕುಳಿತಿದ್ದರು. ಆಮೇಲೆ ಮಂಗಳ ಹಾಡಿಸಿದರು.

ಹುಲಿಗೆವ್ವ ಫಕೀರಪ್ಪನನ್ನು ಬದುಕಿರುವವರೆಗೆ ನಗುತ್ತ ಮಾತಾಡಿಸಲಿಲ್ಲ. ಮಗನನ್ನು ಕಳೆದುಕೊಂಡ ಕರುಳು ಅಷ್ಟು ಸುಲಭವಾಗಿ ಆರುವುದಲ್ಲ. ಆದರೆ ಕೊಂದವನು ಎಂಬ ಮಾತು ಆಕೆಯ ಬಾಯಿಂದ ಮತ್ತೆ ಬರಲಿಲ್ಲ. ಬೇರೆಯವರು ಅಂದರೂ ಸುಮ್ಮನಿರುತ್ತಿರಲಿಲ್ಲ. ಹಾಸಿಗೆ ಹಿಡಿದಾಗ ಬಳಗದವರನ್ನು ಕರೆದು, "ನನ್ನ ತಲಿ ಕಡೆ ಹೆಗಲಾ ಫಕೀರ ಕೊಡ್ಲಿ. ಮಗಾ ಇದ್ರ ಅವನ ಕೊಡ್ತಿದ್ದ" ಎಂದಳಂತೆ.

ಹಾಗೆಯೇ ನಡೆಯಿತು.