ನೀರುನಾಯಿಗಳಿಗೆ ಮುಂದಾಳತ್ವ ಕಲಿಸಿದವರು

ಕಾಡಿನ ಅಂಚಿನ ಹೊಳೆಯೊಂದರ ತಿರುವಿನಲ್ಲಿ ಒಂಬತ್ತು ನೀರುನಾಯಿಗಳ ಪುಟ್ಟ ತಂಡವಿತ್ತು. ಮಕ್ಕಳೇ, ನೀರುನಾಯಿ ಎಂದರೆ ಬೊಗಳುವ ನಾಯಿಯಲ್ಲ. ಈಜಿ ಮೀನು ಹಿಡಿಯುವ ಬೇರೆಯೇ ಪ್ರಾಣಿ. ಇವು ಬಿಲ್ಲಿನಂತೆ ಬಾಗಿದ ಸಾಲು ಕಟ್ಟಿ ಮೀನುಗಳನ್ನು ದಡದತ್ತ ಅಟ್ಟುತ್ತಿದ್ದವು. ಸಾಲು ಎಲ್ಲಾದರೂ ಒಡೆದರೆ ಮೀನೆಲ್ಲ ಅಲ್ಲಿಂದಲೇ ಪರಾರಿ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಯಜಮಾನಿ ದ್ಯಾಮವ್ವನಿಗೆ ವಯಸ್ಸಾಗಿತ್ತು. ಅದಕ್ಕೇ ಸಾಲಿನ ಎಡತುದಿಯನ್ನು ಉದ್ದಮೀಸೆ ಎಂಬವನಿಗೂ ಬಲತುದಿಯನ್ನು ಗಿಡ್ಡಬಾಲನಿಗೂ ವಹಿಸಿದ್ದಳು. ಇಬ್ಬರೂ ಮೀನು ಹಿಡಿಯುವುದರಲ್ಲಿ ನಿಸ್ಸೀಮರು. ಆದರೆ ಮೀನು ಕಂಡರೆ ಸಾಕು, ಸಾಲು ಬಿಟ್ಟು ಅದರ ಬೆನ್ನು ಹತ್ತುತ್ತಿದ್ದರು! ಅವರ ಹೊಟ್ಟೆ ತುಂಬುತ್ತಿತ್ತು. ಬಿಲದಲ್ಲಿ ಮರಿಗಳು ಹಸಿದಿರುತ್ತಿದ್ದವು. ಇನ್ನೊಂದು ವಾರಕ್ಕೆ ಮಳೆ. ಹೊಳೆ ಕೆಂಪಾದರೆ ಮೀನು ಕಾಣುವುದೇ ಇಲ್ಲ. ಅಷ್ಟರೊಳಗೆ ಮರಿಗಳು ತಿಂದು ಗಟ್ಟಿಯಾಗಬೇಕಿತ್ತು.

“ಇವರಿಗೆ ಯಾರಾದರೂ ಮುಂದಾಳತ್ವ ಕಲಿಸಬೇಕಲ್ಲ,” ಎಂದುಕೊಂಡು ದ್ಯಾಮವ್ವ ಹೊರಟಳು.

ಬಂಡೆಯ ಮೇಲೆ ನವಿಲು ಗರಿ ಬಿಚ್ಚಿ ಭಾಷಣ ಮಾಡುತ್ತಿತ್ತು. ಮೊಲಗಳು ತಲೆದೂಗುತ್ತಿದ್ದವು. ದ್ಯಾಮವ್ವನೂ ಮರುಳಾದಳು.

“ನವಿಲಪ್ಪಾ, ನಮ್ಮವರಿಬ್ಬರಿಗೂ ಕಲಿಸಿಕೊಡು.”

“ಮೂರು ದಿನ ಸಾಕು ದ್ಯಾಮವ್ವ! ತಲೆ ಎತ್ತಬೇಕು, ಎದೆ ಉಬ್ಬಿಸಬೇಕು, ಗಟ್ಟಿಯಾಗಿ ಕೂಗಬೇಕು. ಅಷ್ಟೇ!”

ನೀನು ಯಾವ ತಂಡ ನಡೆಸಿದ್ದೀಯ ಎಂದು ಅವಳು ಕೇಳಲೇ ಇಲ್ಲ. ತಪ್ಪಾದದ್ದು ಅಲ್ಲೇ.

ನಾಲ್ಕನೆಯ ದಿನ ಉದ್ದಮೀಸೆ ನೀರಿನಿಂದ ತಲೆ ಎತ್ತಿ, “ನಾನೇ ಮುಂದಾಳು!” ಎಂದು ಕೂಗಿದ. ಗಿಡ್ಡಬಾಲ ಎದೆ ಉಬ್ಬಿಸಿ, “ನಾನೂ!” ಎಂದ. ಮೀನುಗಳು ಇಬ್ಬರ ಹೊಟ್ಟೆಯ ಕೆಳಗಿನಿಂದಲೇ ನುಸುಳಿ ಹೋದವು.

“ಅಜ್ಜೀ, ಇವತ್ತೂ ಏಡಿನೇನಾ?” ಎಂದು ಮರಿಗಳು ಮುಖ ಸಿಂಡರಿಸಿದವು.

ದ್ಯಾಮವ್ವ ಬೇರೆ ಗುರುವನ್ನು ಹುಡುಕಲು ಹೊರಟಳು. ಆಗ ಎದುರು ದಡದಲ್ಲಿ ಹೆಜ್ಜಾರ್ಲೆಗಳು ಕಂಡವು. ಹೆಜ್ಜಾರ್ಲೆ ಎಂದರೆ ಕೊಕ್ಕಿನ ಕೆಳಗೆ ಚೀಲವಿರುವ ದೊಡ್ಡ ಹಕ್ಕಿ. ಅವೂ ಬಿಲ್ಲಿನಂತೆ ಸಾಲು ಕಟ್ಟಿ, ಸದ್ದಿಲ್ಲದೆ ಮೀನು ಅಟ್ಟುತ್ತಿದ್ದವು! ಅವಳು ಈಜಿ ಹೋಗಿ, ನಮ್ಮವರಿಬ್ಬರಿಗೂ ಕಲಿಸುತ್ತೀಯಾ ಎಂದು ಮುದಿ ಹೆಜ್ಜಾರ್ಲೆಯನ್ನು ಕೇಳಿದಳು.

“ಭಾಷಣ ನನಗೆ ಬಾರದು ತಾಯಿ,” ಎಂದಿತು ಅದು. “ನಾಳೆಯಿಂದ ಇಬ್ಬರನ್ನೂ ಕಳಿಸು. ನಮ್ಮ ಸಾಲಿನಲ್ಲಿ ಈಜಲಿ.”

ಮರುದಿನ ಮೀನು ಕಂಡೊಡನೆ ಉದ್ದಮೀಸೆ ನುಗ್ಗಿದ. ತಲೆಯ ಮೇಲೆ ಟಕ್ ಎಂದು ಕೊಕ್ಕು ಬಿತ್ತು.

“ಮೀನನ್ನಲ್ಲವೋ, ಪಕ್ಕದವನನ್ನು ನೋಡು! ಅವನು ನಿಧಾನವಾದರೆ ನೀನೂ ನಿಧಾನ.”

ಎರಡು ದಿನದಲ್ಲಿ ಅವನಿಗೆ ಎಂಟು ಏಟು ಬಿದ್ದವು. ಗಿಡ್ಡಬಾಲನಿಗೆ ಹನ್ನೊಂದು.

ಏಳನೆಯ ದಿನ ಮೋಡ ಕವಿದಿತ್ತು. ನೀರುನಾಯಿಗಳ ಸಾಲು ಮುಂದೆ ಸಾಗಿತು. ದಪ್ಪನೆಯ ಮೀನೊಂದು ಉದ್ದಮೀಸೆಯ ಮೂಗಿನ ಮುಂದೆಯೇ ಹಾದುಹೋಯಿತು. ಮೀಸೆ ನಡುಗಿತು. ಆದರೆ ಅವನು ಪಕ್ಕದವಳನ್ನೇ ನೋಡುತ್ತ ಉಳಿದ. ಸಾಲು ಒಡೆಯಲಿಲ್ಲ. ದಡದ ಮರಳಿನ ಮೇಲೆ ಮೀನುಗಳು ಪಟಪಟನೆ ಹಾರಿದವು. ಆ ದಪ್ಪನೆಯದೂ ಅಲ್ಲೇ ಇತ್ತು. ಮರಿಗಳು ತಿಂದು ತಿಂದು ಹೊಟ್ಟೆ ಮೇಲೆ ಮಾಡಿ ಮಲಗಿದವು. ಮೊದಲ ಹನಿ ಬಿದ್ದದ್ದು ಆಮೇಲೆ.

ನವಿಲು ಓಡಿ ಬಂದು, “ನೋಡಿದೆಯಾ, ನನ್ನ ಪಾಠದ ಮಹಿಮೆ!” ಎಂದಿತು.

“ಹೌದಪ್ಪಾ,” ಎಂದಳು ದ್ಯಾಮವ್ವ. “ಏನೇನು ಮಾಡಬಾರದು ಅಂತ ನಿನ್ನಿಂದಲೇ ತಿಳಿದದ್ದು.”

ನೀತಿ: ಗುರುವನ್ನು ಹುಡುಕುವಾಗ ಮಾತಿನ ಥಳುಕು ನೋಡಬೇಡಿ, ನಿಮ್ಮಂಥ ಕೆಲಸವನ್ನು ಅವರು ಮಾಡಿ ಬಲ್ಲರೇ ಎಂದು ನೋಡಿ.